ಮೂಲೆ ಹರಿದ ಕಾರ್ಡು

ಯುಗಾದಿ ಮುಗಿದ ಮರುವಾರ, ಒಂದು ಮಂಗಳವಾರ, ನಮ್ಮ ಮನೆಗೆ ಸಾವಿನ ಸುದ್ದಿ ಬಂತು. ಎಲ್ಲರೂ ಅತ್ತರು. ಎಲ್ಲರೂ ತಲೆಯ ಮೇಲೆ ನೀರು ಸುರಿದುಕೊಂಡರು. ಒಲೆ ಆರಿಸಿದರು. ಸತ್ತವರು ಯಾರು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ನಗಬೇಡಿ. ನಿಮ್ಮ ಮನೆಯಲ್ಲೂ ಹೀಗೆ ಆಗಬಹುದು.

ನಾನಾಗ ಮಾಮಲೇದಾರ ಕಚೇರಿಯಲ್ಲಿದ್ದೆ. (ಬೈಲಹೊಂಗಲದ ವಕೀಲನಿಗೆ ಕಚೇರಿಯಲ್ಲಿ ದಿನವೂ ಕೆಲಸ ಇರುತ್ತದೆಂದಲ್ಲ. ಕರಿ ಕೋಟು ಹಾಕಿಕೊಂಡು ಅಲ್ಲಿ ಕೂಡಬೇಕು, ಅಷ್ಟೆ.) ಮಧ್ಯಾಹ್ನ ಮನೆಗೆ ಬಂದೆ. ಅಂಗಳದಲ್ಲಿ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ನನ್ನ ಹೆಂಡತಿ ತೊಯ್ದ ಸೀರೆಯಲ್ಲಿ ನಿಂತಿದ್ದಳು. ನಾನು ಬಾಯಿ ತೆರೆಯುವುದರೊಳಗೆ ಅಕ್ಕ ಗಂಗವ್ವ ಒಂದು ಕೊಡ ನೀರನ್ನು ನನ್ನ ತಲೆಯ ಮೇಲೆ ಸುರಿದಳು. ಕೋಟು, ರುಮಾಲು, ಕಕ್ಷಿದಾರನ ಕಾಗದ, ಎಲ್ಲದಕ್ಕೂ ಸ್ನಾನವಾಯಿತು.

"ಯಾರು ಹೋದರು?" ಎಂದೆ.

"ಗೊತ್ತಿಲ್ಲೋ ತಮ್ಮಾ!" ಎಂದು ಅಕ್ಕ ಇನ್ನೂ ಜೋರಾಗಿ ಅತ್ತಳು.

ನಡೆದದ್ದಿಷ್ಟು. ಟಪಾಲಿನ ಇಮಾಮಸಾಬ ಒಂದು ಕಾರ್ಡು ತಂದಿದ್ದ. "ಅವ್ವಾರ, ಕಾರ್ಡ ಬಂದೈತ್ರಿ. ಮೂಲಿ ಹರದೈತ್ರಿ," ಎಂದು ಅದನ್ನು ಕಟ್ಟೆಯ ಮೇಲಿಟ್ಟು, ದಿನವೂ ಕೇಳುವ ನೀರನ್ನೂ ಕೇಳದೆ ತಿರುಗಿ ನೋಡದೆ ಹೋಗಿಬಿಟ್ಟಿದ್ದ. ನಮ್ಮ ಕಡೆಯ ರೂಢಿ ನಿಮಗೆ ಗೊತ್ತೇ ಇದೆ. ಮದುವೆ, ಮುಂಜಿಯ ಕಾಗದವಾದರೆ ನಾಲ್ಕೂ ಮೂಲೆಗೆ ಅರಿಷಿಣ. ಸಾವಿನ ಕಾಗದವಾದರೆ ಒಂದು ಮೂಲೆ ಹರಿದಿರುತ್ತದೆ. ಅಂಥದ್ದನ್ನು ಹೊಸ್ತಿಲು ದಾಟಿಸಬಾರದು. ಅಂಗಳದಲ್ಲೇ ಓದಬೇಕು, ಅಲ್ಲೇ ಹರಿದೊಗೆಯಬೇಕು, ಮೈಮೇಲೆ ನೀರು ಹಾಕಿಕೊಂಡೇ ಒಳಗೆ ಹೋಗಬೇಕು. ಅಕ್ಕ ಎಲ್ಲವನ್ನೂ ತಪ್ಪದೆ ಮಾಡಿದ್ದಳು, ಓದುವುದೊಂದನ್ನು ಬಿಟ್ಟು.

"ಓದಿಸಬಾರದಾಗಿತ್ತೇನು ಅಕ್ಕಾ?"

"ಓದಾಕ ಯಾರಿದ್ರೋ? ನೀ ಕಚೇರ್ಯಾಗ, ನನ್ನ ಮಗ ಸಾಲ್ಯಾಗ. ಅದನ್ನ ಮುಂದ ಇಟಕೊಂಡ ಸಂಜಿ ತನಕಾ ಕುಂದರಬೇಕಾಗಿತ್ತೇನು? ಪುಣೇದಿಂದ ಚೊಲೋ ಕಾಗದ ಬರೂದೈತಿ. ಅದು ಬರೂ ಹಾದ್ಯಾಗ ಇಂಥಾದು ಬಿದ್ದಿರಬಾರದು ಅಂತ ಹರದ ಒಗದೆ."

ಈ ಮಾತನ್ನು ನೆನಪಿಟ್ಟುಕೊಳ್ಳಿ.

ಹೆಂಗಸರು ಅಷ್ಟರಲ್ಲಿ ತೀರ್ಪು ಕೊಟ್ಟಾಗಿತ್ತು. ಹೋದವಳು ಮುನವಳ್ಳಿಯ ಚಿಕ್ಕವ್ವನೇ. ಮೂರು ವರ್ಷದಿಂದ ಕೆಮ್ಮುತ್ತಿದ್ದಾಳೆ, ಬೇರೆ ಯಾರಿದ್ದಾರೆ ಹೋಗಲಿಕ್ಕೆ? ಎಂಥ ಕೈಗುಣದ ಹೆಣ್ಣುಮಗಳು, ಯಾರ ಮನಸ್ಸೂ ನೋಯಿಸಿದವಳಲ್ಲ ಎಂದೆಲ್ಲ ಮಾತಾಯಿತು. (ಚಿಕ್ಕವ್ವ ನೋಯಿಸದ ಮನಸ್ಸು ಈ ತಾಲೂಕಿನಲ್ಲಿ ಇಲ್ಲ. ಆದರೆ ಅಂಗಳದಲ್ಲಿ ಅಳುವವರ ಮುಂದೆ ಅದನ್ನು ಹೇಳುವುದು ಹೇಗೆ?) ಮಣ್ಣು ಮಾಡುವುದು ಯಾವಾಗ ಎಂದು ಕೇಳಿ ಬರಲು ನಮ್ಮ ಹೊಲದ ಆಳು ಅಂದೇ ಮುನವಳ್ಳಿಗೆ ಹೊರಟ.

ಮರುದಿನ ಮಧ್ಯಾಹ್ನ ಚಕ್ಕಡಿಯೊಂದು ಬಂದು ಬಾಗಿಲಲ್ಲಿ ನಿಂತಿತು. ಹುಣಸೆಹಣ್ಣಿನ ಬುಟ್ಟಿ ಹಿಡಿದುಕೊಂಡು ಚಿಕ್ಕವ್ವ ಇಳಿದಳು. ಖುದ್ದಾಗಿ!

"ನನ್ನ ಮಣ್ಣು ಯಾವಾಗ ಅಂತ ನನ್ನನ್ನ ಕೇಳಾಕ ಕಳಸೀರಲ್ಲ, ಅದಕ್ಕ ನಾನs ಹೇಳಾಕ ಬಂದೇನಿ. ಇನ್ನೂ ತಡಾ ಐತಿ!"

ಅಕ್ಕ ಅವಳನ್ನು ತಬ್ಬಿಕೊಂಡು ಮತ್ತೆ ಅತ್ತಳು. ಚಿಕ್ಕವ್ವ ಬೈಯುತ್ತಲೇ ಇದ್ದಳು. ನಾವು ನಕ್ಕೆವು. ಒಲೆ ಹೊತ್ತಿತು. ನಗದೆ ಇದ್ದವನು ಒಬ್ಬನೇ, ಅಕ್ಕನ ಮಗ ಹಣಮಂತ. ಅವನು ಅಂಗಳ ದಾಟಿ ಬೀದಿಗೆ ಹೋಗಿ ಇಮಾಮಸಾಬನನ್ನು ಹಿಡಿದು ಒಂದೇ ಪ್ರಶ್ನೆ ಕೇಳಿದ. ಆ ಕಾರ್ಡಿನ ಮೇಲೆ ಯಾವ ಊರಿನ ಮುದ್ರೆ ಇತ್ತು?

"ಪುಣೇದರಿ. ಜವಾಬಿ ಕಾರ್ಡ ಇತ್ರಿ. ಮೂಲಿ... ನಮ್ಮ ಟಪಾಲ ಆಫೀಸಿನ್ಯಾಗ ಇಲಿ ಭಾಳ ಆಗ್ಯಾವ್ರಿ."

ಈಗ ಹಣಮಂತನ ಕಥೆ ಹೇಳಬೇಕು.

ಅವನು ನಮ್ಮ ಮನೆತನದಲ್ಲಿ ಬಿ.ಎ. ಆದ ಮೊದಲಿಗ. ಅಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಅವನನ್ನು ಕಂಕುಳಲ್ಲಿ ಎತ್ತಿಕೊಂಡು ದೊಡವಾಡದಿಂದ ನಮ್ಮ ಮನೆಗೆ ಬಂದವಳು. ಹುಡುಗ ಇಲ್ಲಿಯ ಇಂಗ್ಲಿಷ್ ಶಾಲೆಯಲ್ಲಿ ಮಾಸ್ತರನಾದ. ಸಾಕಲ್ಲವೇ? ಸಾಲದು. ಅವನಿಗೆ ಕಲ್ಲಿನ ಹುಚ್ಚು. ರಜೆ ಬಂದರೆ ದೇಗಾಂವಕ್ಕೆ ಹೋಗುತ್ತಾನೆ. ಕಮಲನಾರಾಯಣ ಗುಡಿಯ ಶಾಸನದ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು ಬಡಿದು, ಮಸಿ ಹಚ್ಚಿ, ಅಕ್ಷರಗಳ ಅಚ್ಚು ತೆಗೆಯುತ್ತಾನೆ. ಊರವರು ಮೊದಮೊದಲು ನಿಧಿ ಹುಡುಕುತ್ತಾನೆಂದು ಬೆನ್ನು ಹತ್ತಿದ್ದರು. ಆಮೇಲೆ, ಪಾಪ, ತಲೆ ಕೆಟ್ಟಿದೆ ಎಂದು ಮಜ್ಜಿಗೆ ಕೊಡತೊಡಗಿದರು.

ಬಿ.ಎ. ಆದ ಮೇಲೂ ಓದುವುದಿದೆಯಂತೆ. ರಿಸರ್ಚ್ ಎನ್ನುತ್ತಾರೆ. ಒಬ್ಬ ಗುರುವಿನ ಕೈಕೆಳಗೆ ವರ್ಷಗಟ್ಟಲೆ ಕುಳಿತು ಒಂದೇ ವಿಷಯವನ್ನು ಜಗಿಯಬೇಕು. ಕಲ್ಲು ಓದಿಸುವ ಅಂಥ ಪ್ರೊಫೆಸರ್ ಒಬ್ಬರು ಪುಣೆಯಲ್ಲಿದ್ದಾರೆ. ಹಣಮಂತ ಅವರಿಗೆ ಬರೆದ. ಅವರು ಉತ್ತರ ಕೊಟ್ಟರು: "ಇಲ್ಲಿ ಇರಲು ನಿಮ್ಮ ಖರ್ಚು ನೋಡುವವರು ಯಾರು? ಮೊದಲು ಅದನ್ನು ತಿಳಿಸಿರಿ."

ಸರಿ ಎಂದು ನಾವಿಬ್ಬರೂ ರಾಮದುರ್ಗಕ್ಕೆ ಹೋದೆವು. ಅಲ್ಲಿ ಮಲ್ಲಪ್ಪ ಸಾಹುಕಾರರು ಎಂಬ ಅಡತಿ ವ್ಯಾಪಾರಿಗಳಿದ್ದಾರೆ. ಓದುವ ಮಕ್ಕಳಿಗೆ ಕೈ ಬಿಚ್ಚುವವರು. ಗಾದಿಯ ಮೇಲೆ ಕುಳಿತು ಎಲ್ಲವನ್ನೂ ಕೇಳಿದರು. "ಕೊಡೂಣಂತ್ರಿ ವಕೀಲ್ರ. ಮೊದಲ ಆ ಪ್ರೊಫೆಸರು ತಗೋತೇನಿ ಅಂತ ಒಂದ ಕಾಗದಾ ಬರೀಲಿ," ಎಂದರು.

ತಿಳಿಯಿತೇ? ಪ್ರೊಫೆಸರಿಗೆ ಮೊದಲು ಸಾಹುಕಾರರು ಬೇಕು. ಸಾಹುಕಾರರಿಗೆ ಮೊದಲು ಪ್ರೊಫೆಸರು ಬೇಕು. ಮದುವೆಯ ಪಂಕ್ತಿಯಲ್ಲಿ ಹಿರಿಯರಿಬ್ಬರು ನೀವು ಮೊದಲು ತುತ್ತೆತ್ತಿ, ನೀವು ಮೊದಲು ಎತ್ತಿ ಎನ್ನುತ್ತ ಕುಳಿತರೆ ಉಳಿದವರ ಗತಿ ಏನು? ಹುಡುಗನ ಹೊಟ್ಟೆ ಹಸಿದಿತ್ತು. ಎಲೆ ಮುಂದಿತ್ತು. ಕೈ ಹಾಕುವಂತಿರಲಿಲ್ಲ.

ಬುದ್ಧಿ ಹೇಳುವವರಿಗೇನು ಬರವೇ? ಕಿತ್ತೂರಿನ ಹೆಡ್‌ಮಾಸ್ತರರೊಬ್ಬರು, ಪುಣೆಯ ದೊಡ್ಡವರು ಶಿಷ್ಯರಿಂದ ಮೂರು ವರ್ಷ ಬರೀ ನಕಲು ಮಾಡಿಸುತ್ತಾರೆ, ಕೊನೆಗೆ ತಮ್ಮ ಹೆಸರು ಹಾಕಿಕೊಳ್ಳುತ್ತಾರೆ ಎಂದರು. ಸವದತ್ತಿಯ ನನ್ನ ವಕೀಲ ಮಿತ್ರ, ಆ ಪ್ರೊಫೆಸರಿಗೆ ವಯಸ್ಸಾಗಿದೆ, ನಡುವೆಯೇ ಪೆನ್ಶನ್ ತೆಗೆದುಕೊಂಡರೆ ನಿನ್ನ ಅಳಿಯ ಯಾರ ಕೈಕೆಳಗೆ ಕೂಡುತ್ತಾನೆ ಎಂದು ಕೇಳಿದ. ಯಾರೂ ಪ್ರೊಫೆಸರನ್ನು ಕಣ್ಣಿಂದ ಕಂಡವರಲ್ಲ. ಹೆಣ್ಣು ಕೊಡುವ ಮುಂಚೆ ವರನ ಬಗ್ಗೆ ಹತ್ತು ಊರಲ್ಲಿ ವಿಚಾರಿಸುತ್ತೇವೆ. ಗುರುವಿನ ಬಗ್ಗೆ ಎಲ್ಲಿ ವಿಚಾರಿಸಬೇಕು?

ಕೊನೆಗೆ ಹಣಮಂತ ತನ್ನಲ್ಲಿದ್ದ ಒಂದೇ ಬಂಡವಾಳ ಹೂಡಿದ. ದೇಗಾಂವದ ಅಚ್ಚುಗಳನ್ನು ಸುತ್ತಿ, ತನ್ನ ಓದನ್ನು ಬರೆದು, ಜೊತೆಗೆ ಎರಡು ಮಡಿಕೆಯ ಜವಾಬಿ ಕಾರ್ಡನ್ನೂ ಇಟ್ಟು ಪುಣೆಗೆ ಕಳಿಸಿದ. ಅರ್ಧ ಕಾರ್ಡು ಅವನದು, ಉತ್ತರದ ಅರ್ಧ ಪ್ರೊಫೆಸರರದು. ಆ ಅರ್ಧಕ್ಕಾಗಿ ಒಂದು ತಿಂಗಳು ಕಾದ. ಶಾಲೆಯಿಂದ ಬಂದವನೇ, "ಅವ್ವಾ, ಟಪಾಲ?" ಎನ್ನುತ್ತಿದ್ದ. "ನಾಳೆ ಬರತೈತಿ ಬಿಡೋ," ಎಂದು ಅಕ್ಕ ಭಕ್ರಿ ತಟ್ಟುತ್ತಿದ್ದಳು.

ಆ ಅರ್ಧವನ್ನೇ ಅವಳು ಮೂರು ತುಂಡು ಮಾಡಿ ತಿಪ್ಪೆಗೆ ಒಗೆದಿದ್ದಳು.

ವಿಷಯ ತಿಳಿದಾಗ ಅಕ್ಕ ಅಳಲಿಲ್ಲ. ಹಿಂದಿನ ದಿನವಿಡೀ ಯಾರಿಗಾಗಿಯೋ ಅತ್ತವಳು ಈಗ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಹಣಮಂತ ಧೋತರ ಮೇಲೆತ್ತಿ ಕಟ್ಟಿ ತಿಪ್ಪೆಯ ಮುಂದೆ ಮೊಣಕಾಲೂರಿದ. ನಾನೂ ಕುಳಿತೆ. (ಕಕ್ಷಿದಾರರು ಯಾರೂ ಆ ಹಾದಿಯಲ್ಲಿ ಬರಲಿಲ್ಲ, ಪುಣ್ಯ.)

ಅವನಿಗೆ ಎರಡು ತುಂಡು ಸಿಕ್ಕವು. ಒದ್ದೆಯಾಗಿದ್ದವು. ಶಾಸನದ ಅಚ್ಚುಗಳನ್ನು ಒಣಗಿಸುವಂತೆಯೇ ಅವನ್ನು ತುಳಸಿಕಟ್ಟೆಯ ಮೇಲೆ ಹಾಸಿ, ಉಸಿರು ಬಿಗಿಹಿಡಿದು ಓದಿದ. ಇಂಗ್ಲಿಷಿನಲ್ಲಿತ್ತು. ಮೇಲಿನ ತುಂಡಿನಲ್ಲಿ: ದೇಗಾಂವದ ಅಚ್ಚುಗಳು ಮುಟ್ಟಿದವು, ಇಷ್ಟು ಸ್ವಚ್ಛವಾದ ಕೆಲಸ ಬಹಳ ದಿನಗಳಿಂದ ನೋಡಿರಲಿಲ್ಲ. ನಡುವಿನ ತುಂಡಿನಲ್ಲಿ: ನಿಮ್ಮ ಓದಿನಲ್ಲಿ ಎರಡು ತಪ್ಪುಗಳಿವೆ, ಆದರೆ ನಾಲ್ಕನೆಯ ಸಾಲನ್ನು ನನಗಿಂತ ಚೆನ್ನಾಗಿ ಓದಿದ್ದೀರಿ, ಆದರೂ...

ಅಲ್ಲಿಗೆ ಮುಗಿದಿತ್ತು.

"ಕಲ್ಲಿನ್ಯಾಗೂ ಹಿಂಗs ಮಾಮಾ," ಎಂದ ಹಣಮಂತ. "ಕಡೀ ಸಾಲ ಯಾವಾಗ್ಲೂ ನೆಲದಾಗ ಹೂತ ಹೋಗಿರತೈತಿ." ನಗಲು ನೋಡಿದ, ಆಗಲಿಲ್ಲ.

ಈಗ ನಿಮಗೊಂದು ಮಾತು ಹೇಳುತ್ತೇನೆ. ನಿಮಗೆ ಮಾತ್ರ. ನಮ್ಮ ಅಕ್ಕನಿಗೆ ಓದು ಬರುವುದಿಲ್ಲ, ಹಣಮಂತ ಈಗಿರುವ ಊರಿಗೆ ನಾನು ಇದನ್ನು ಬರೆಯುವ ಈ ವಾರಪತ್ರಿಕೆ ಹೋಗುವುದಿಲ್ಲ. ಮೂರನೆಯ ತುಂಡು ನನಗೆ ಸಿಕ್ಕಿತ್ತು. ದಾಳಿಂಬೆ ಗಿಡದ ಬುಡದಲ್ಲಿ, ಇಲಿ ತಿಂದ ಮೂಲೆಯ ಸಮೇತ. ಅವನು ಅತ್ತ ಮುಖ ಮಾಡಿದ್ದಾಗ ಓದಿದೆ.

"ಇಬ್ಬರು ವಿದ್ಯಾರ್ಥಿಗಳು ನಡುವೆಯೇ ನನ್ನನ್ನು ಬಿಟ್ಟು ಹೋದರು. ಮನೆಯಿಂದ ಕರೆ ಬರುತ್ತದೆ, ಇವರು ಹೋಗುತ್ತಾರೆ. ಇನ್ನೊಬ್ಬರನ್ನು ತೆಗೆದುಕೊಳ್ಳುವ ಧೈರ್ಯ ನನಗಿಲ್ಲ. ಕ್ಷಮಿಸಿರಿ."

ಆ 'ಆದರೂ' ನೋಡಿದಾಗಲೇ ನನಗೆ ಸಂಶಯ ಬಂದಿತ್ತು. ಮೊದಲು ಹೊಗಳುವ ಮುನಸೀಫರ ಮುಂದೆ ನಾನು ಎಂದೂ ಕೇಸು ಗೆದ್ದವನಲ್ಲ. ತುಂಡನ್ನು ಕೋಟಿನ ಒಳಕಿಸೆಗೆ ಹಾಕಿಕೊಂಡೆ. "ಸಿಗಲಿಲ್ಲಪಾ," ಎಂದೆ.

ಯಾಕೆ ಹಾಗೆ ಮಾಡಿದೆ? ಪುರಾವೆ ಮುಚ್ಚಿಡುವುದು ಅಪರಾಧವೆಂದು ದಿನವೂ ಇತರರಿಗೆ ಹೇಳುವವನು ನಾನು. ಆದರೆ ತಿಪ್ಪೆಯ ಮುಂದೆ ಮಂಡಿಯೂರಿದ ಹುಡುಗನ ಬೆನ್ನು ನೋಡಿದ್ದರೆ ನೀವೇನು ಮಾಡುತ್ತಿದ್ದಿರಿ? ಸಿಗಲಿಲ್ಲ ಎಂದರೆ ಇನ್ನೊಮ್ಮೆ ಬರೆಯಬಹುದು. ಸಿಕ್ಕಿತು ಎಂದರೆ ಮುಗಿಯಿತು.

ಅಂದು ಸಂಜೆ ಅಕ್ಕ ಬಂದು ನನ್ನ ಮೇಜಿನ ಮುಂದೆ ಕುಳಿತಳು. "ತಮ್ಮಾ, ಬರಕೋ. ಆ ಸಾಹೇಬ್ರಿಗೆ ನಾನs ಹೇಳತೇನಿ."

"ಅವ್ವಾ, ಬ್ಯಾಡ," ಎಂದ ಹಣಮಂತ. ಅವನಿಗೆ ನಾಚಿಕೆ. ಪುಣೆಯ ವಿದ್ವಾಂಸರು ನಮ್ಮನ್ನು ಎಂಥ ಜನ ಎಂದುಕೊಂಡಾರು?

"ಎಂಥಾ ಮಂದಿ ಅದೇವೋ ಅಂಥಾ ಮಂದಿ ಅಂತ ತಿಳಕೋತಾರ. ನೀ ಸುಮ್ಮನಿರು."

ಅವಳು ಹೇಳಿದಳು, ನಾನು ಮರಾಠಿಗೆ ತಿರುಗಿಸಿ ಬರೆದೆ. "ಸಾಹೇಬ್ರಿಗೆ ಗಂಗವ್ವನ ನಮಸ್ಕಾರ. ನಿಮ್ಮ ಕಾರ್ಡ ಹರದಾಕಿ ನಾನು. ಹುಡುಗಂದೇನೂ ತಪ್ಪಿಲ್ಲ. ಮೂಲಿ ಇಲಿ ತಿಂದಿತ್ತು. ಸಾವಿನ ಕಾರ್ಡ ಅಂತ ತಿಳದೆ. ನಿಮ್ಮ ಚೊಲೋ ಕಾಗದ ಬರೂ ಹಾದಿ ಸ್ವಚ್ಛ ಇರಲಿ ಅಂತ ನಿಮ್ಮ ಕಾಗದಾನs ಹರದೇನಿ. ಏನ ಬರದಿದ್ರಿ ಇನ್ನೊಮ್ಮೆ ಬರೀರಿ. ಬೈದಿದ್ರ ಬೈದದ್ದನ್ನೂ ಬರೀರಿ."

ಇಷ್ಟಕ್ಕೆ ನಿಲ್ಲಿಸಿದಳು. ನನಗೆ ಗೊತ್ತಿತ್ತು, ಇಷ್ಟು ಸಾಲದು. ಕಿಸೆಯಲ್ಲಿದ್ದ ತುಂಡು ಎದೆಗೆ ಚುಚ್ಚುತ್ತಿತ್ತು. ಸಾಕ್ಷಿಗೆ ಬಾಯಿ ಬಿಡಿಸುವ ವಿದ್ಯೆ ವಕೀಲನಿಗೆ ಇನ್ಯಾವಾಗ ಬೇಕು?

"ಅಕ್ಕಾ, ಅಂವ ಅಲ್ಲಿ ಹೋದ ಮ್ಯಾಲ ಹಬ್ಬಾ ಹುಣ್ಣಿವಿ ಅಂತ ನಡುವ ಕರಸ್ಕೋತೀಯೇನು?"

"ಯಾಕ ಕರಸಲಿ? ಹಬ್ಬ ಪುಣೇದಾಗ ಇರಂಗಿಲ್ಲೇನು?"

"ಹೊಲದಾಗ ಸುಗ್ಗಿ ಬಂದ್ರ?"

"ಅಂವ ಯಾವ ಸುಗ್ಗ್ಯಾಗ ಕುಡಗೋಲ ಹಿಡದಾನ?"

"ನಿನಗ ಜಡ್ಡ ಬಂದ್ರ?"

ಅಕ್ಕ ಮಗನ ಕಡೆ ನೋಡಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಜಡ್ಡ ಯಾಕ, ನಾ ಸತ್ತರೂ ಅವಗ ಮೂಲಿ ಹರದ ಕಾರ್ಡ ಹಾಕಬ್ಯಾಡ. ಕಲಿಯೂದು ಪೂರಾ ಮುಗೀಲಿ. ಆಮ್ಯಾಲ ಹೇಳ. ಇದನ್ನೂ ಬರಿ."

ನನ್ನ ಟಾಕು ಅಲ್ಲೇ ನಿಂತಿತು. ಮಸಿ ತೊಟ್ಟಿಕ್ಕಿ ಕಾಗದದ ಮೇಲೆ ಬಿತ್ತು. ಹಣಮಂತ ಎದ್ದು ಹಿತ್ತಲಿಗೆ ಹೋದ. ನಾನು ಕಣ್ಣೊರೆಸಿಕೊಂಡು ಬರೆದೆ. ನನ್ನ ಕಡೆಯಿಂದ ಒಂದು ಅಕ್ಷರವನ್ನೂ ಸೇರಿಸಲಿಲ್ಲ, ಬಿದ್ದ ಮಸಿಯನ್ನೂ ಹಾಗೇ ಬಿಟ್ಟೆ.

ಹದಿನೈದು ದಿನ ಕಳೆದವು. ಮನೆಯಲ್ಲಿ ಟಪಾಲಿನ ಹೆಸರನ್ನೇ ಯಾರೂ ಎತ್ತಲಿಲ್ಲ. ಹಣಮಂತ ಶಾಲೆಯಿಂದ ಬಂದರೆ ಏನನ್ನೂ ಕೇಳುತ್ತಿರಲಿಲ್ಲ. ಅದೇ ಹೆಚ್ಚು ಕಷ್ಟವಾಗಿತ್ತು. ಅಕ್ಕ ಮಾತ್ರ ಬೆಳಗ್ಗೆ ಸಾರಣೆ ಮಾಡುವಾಗ ಬಾಗಿಲಿನಿಂದ ಬೀದಿಯವರೆಗೂ ಗುಡಿಸುತ್ತಿದ್ದಳು.

ಹದಿನಾರನೆಯ ದಿನ ಓಣಿಯ ತುದಿಯಿಂದಲೇ ಇಮಾಮಸಾಬನ ಕೂಗು ಕೇಳಿತು. ಕಾರ್ಡನ್ನು ತಲೆಯ ಮೇಲೆತ್ತಿ ಹಿಡಿದು ಓಡಿ ಬರುತ್ತಿದ್ದ.

"ಅವ್ವಾರ! ಅರಿಷಿಣ ಹಚ್ಯಾರ್ರಿ! ನಾಕೂ ಮೂಲಿಗೆ ಹಚ್ಯಾರ್ರಿ!"

ಅಕ್ಕ ಕೈತೊಳೆದು, ಸೆರಗು ಒಡ್ಡಿ ಕಾರ್ಡು ತೆಗೆದುಕೊಂಡಳು. ಹೊಸ್ತಿಲು ದಾಟಿಸಿ ದೇವರ ಮುಂದಿಟ್ಟಳು. ಇಮಾಮಸಾಬನಿಗೆ ಬೆಲ್ಲ, ನೀರು ಕೊಟ್ಟಳು. ಏನು ಬರೆದಿದೆ ಎಂದು ಆಗಲೂ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಓದುವುದು ಯಾವಾಗಲೂ ಕೊನೆಗೇ ಇರಬೇಕು.

ಮರಾಠಿಯಲ್ಲಿತ್ತು. ನಾನು ಓದಿದೆ.

"ಗಂಗಾಬಾಯಿಯವರಿಗೆ ನಮಸ್ಕಾರ. ಆ ಕಾರ್ಡು ನೀವು ಹರಿದದ್ದು ಒಳ್ಳೆಯದೇ ಆಯಿತು. ಅದರಲ್ಲಿದ್ದುದನ್ನು ಇನ್ನೊಮ್ಮೆ ಬರೆಯಲಾರೆ. ಮಗನನ್ನು ಜೂನಿನಲ್ಲಿ ಕಳಿಸಿರಿ. ಮೊದಲು ಒಂದು ವರ್ಷ ನೋಡೋಣ. ಊಟ ವಸತಿಗೆ ನನ್ನಿಂದ ಏನೂ ಆಗದು, ಅದನ್ನು ನೀವೇ ನೋಡಬೇಕು. ಮೂಲೆಗಳ ಅರಿಷಿಣ ನನ್ನ ಹೆಂಡತಿ ಹಚ್ಚಿದ್ದು."

ಅಕ್ಕ ಮಗನ ಮುಖವನ್ನು ಎರಡೂ ಕೈಯಿಂದ ಸವರಿ ಲಟಿಕೆ ಮುರಿದಳು. ಅವನು ಚಿಕ್ಕ ಹುಡುಗನಂತೆ ತಲೆ ತಗ್ಗಿಸಿ ನಿಂತ. ಆಮೇಲೆ ನನ್ನನ್ನು ಕೇಳಿದ: "ಹರದದ್ದು ಚೊಲೋ ಆತು ಅಂತ ಯಾಕ ಬರದಾರ ಮಾಮಾ?"

"ದೊಡ್ಡ ಮಂದಿ. ಹಂಗs ಬರೀತಾರ," ಎಂದೆ.

ಮರುದಿನವೇ ರಾಮದುರ್ಗ. ಮಲ್ಲಪ್ಪ ಸಾಹುಕಾರರು ಕಾರ್ಡು ಕೈಗೆ ತೆಗೆದುಕೊಂಡರು. ಅದರಲ್ಲಿ ಏನಿದೆಯೆಂದು ಕೇಳುತ್ತಾರೆ, ಒಂದೇ ವರ್ಷ ಯಾಕೆ ಎನ್ನುತ್ತಾರೆ ಎಂದು ನಾನು ದಾರಿಯುದ್ದಕ್ಕೂ ವಾದ ಸಿದ್ಧಮಾಡಿಕೊಂಡು ಹೋಗಿದ್ದೆ. ಅವರು ನಾಲ್ಕು ಮೂಲೆ ನೋಡಿದರು. ಕಣ್ಣಿಗೊತ್ತಿಕೊಂಡರು. ಓದಿಸಲೇ ಇಲ್ಲ.

"ಒಂದ ವರ್ಷದ್ದು ನಾ ನೋಡತೇನ್ರಿ. ಮುಂದಿಂದು ಮುಂದ."

ನನ್ನ ಅಷ್ಟೂ ವಾದ ವ್ಯರ್ಥವಾಯಿತು. (ವಕೀಲನಿಗೆ ಗೆದ್ದರೂ ಬೇಜಾರಾಗುವುದು ಇಂಥ ಕಡೆ.)

ಎಲ್ಲ ಬಗೆಹರಿಯಿತೇ? ಎಲ್ಲಿಯ ಮಾತು! ಪ್ರೊಫೆಸರು ಒಂದು ವರ್ಷ ಎಂದಿದ್ದಾರೆ, ಸಾಹುಕಾರರೂ ಒಂದು ವರ್ಷ ಎಂದಿದ್ದಾರೆ. ಎರಡನೆಯ ವರ್ಷ ಮತ್ತೆ ಇವರು ಅವರನ್ನು ನೋಡುತ್ತಾರೆ, ಅವರು ಇವರನ್ನು ನೋಡುತ್ತಾರೆ. ಆ ಗುರುಗಳು ನಕಲು ಮಾಡಿಸುತ್ತಾರೋ, ಪೆನ್ಶನ್ ತೆಗೆದುಕೊಳ್ಳುತ್ತಾರೋ, ದೇವರಿಗೇ ಗೊತ್ತು. ಆದರೆ ಹೆಂಡತಿಯ ಕೈಯಿಂದ ಅರಿಷಿಣ ಹಚ್ಚಿಸಿ ಕಳಿಸಿದ ಮನುಷ್ಯ ಹುಡುಗನನ್ನು ಉಪವಾಸ ಕೆಡವಲಾರ ಎಂದು ಅಕ್ಕ ಹೇಳುತ್ತಾಳೆ. ಹತ್ತು ಊರಲ್ಲಿ ವಿಚಾರಿಸಿದ್ದರೆ ನನಗೆ ಇದಕ್ಕಿಂತ ಹೆಚ್ಚು ತಿಳಿಯುತ್ತಿತ್ತೇ?

ಜೂನಿನ ಮೊದಲ ಮಳೆಗೆ ಹಣಮಂತ ಧಾರವಾಡದಿಂದ ರೈಲು ಹತ್ತಿದ. ಟ್ರಂಕಿನಲ್ಲಿ ಅಂಗಿಗಿಂತ ಹೆಚ್ಚು ಅಚ್ಚುಗಳಿದ್ದವು. ಅಕ್ಕ ಸ್ಟೇಶನ್ನಿಗೆ ಬರಲಿಲ್ಲ. ಬಾಗಿಲಲ್ಲೇ ಅವನ ಕೈಗೆ ಮೊಸರು ಹಾಕಿ ಕಳಿಸಿ, ಚಕ್ಕಡಿ ಓಣಿ ತಿರುಗುವ ಮುಂಚೆಯೇ ಒಳಗೆ ಹೋಗಿ ಜೋಳ ಕೇರತೊಡಗಿದಳು.

ಮೊನ್ನೆ ರವಿವಾರ ಅಗಸನಿಗೆ ಬಟ್ಟೆ ಹಾಕುವಾಗ ಅವಳು ನನ್ನ ಕೋಟಿನ ಕಿಸೆಗಳನ್ನು ತಡಕಿದಳು. ಒಳಕಿಸೆಯಿಂದ ಒಂದು ತುಂಡು ಬಂತು. ಒಲೆಯ ಬೆಳಕಿಗೆ ಹಿಡಿದಳು.

"ಏನಿದು ತಮ್ಮಾ?"

"ಹಳೇ ಕಚೇರಿ ಕಾಗದ ಅಕ್ಕಾ."

ತಿರುಗಿಸಿ ನೋಡಿದಳು. ಇಲಿ ತಿಂದ ಮೂಲೆಯ ಮೇಲೆ ಬೆರಳಾಡಿಸಿದಳು. ತಾನು ಹರಿದ ಕಾಗದ ತನಗೆ ಗೊತ್ತಾಗದೇ? ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಾನು ನೆಲ ನೋಡಿದೆ.

"ಅವಗ ತೋರಿಸೀಯೇನು?"

"ಇಲ್ಲ."

"ಚೊಲೋ ಆತು," ಎಂದು ಅದನ್ನು ಒಲೆಗೆ ಹಾಕಿದಳು. ಏನು ಬರೆದಿತ್ತು ಎಂದು ಕೇಳಲಿಲ್ಲ. ಎದ್ದು ಹೋಗಿ ತಲೆಯ ಮೇಲೆ ಒಂದು ತಂಬಿಗೆ ನೀರು ಹಾಕಿಕೊಂಡು ಬಂದಳು. ನನಗೂ ಒಂದು ತಂಬಿಗೆ ಹಾಕಿದಳು.

ಪರೀಕ್ಷೆ ಪಾಸು ಮಾಡಿ ವಕೀಲಿಯ ಸನದು ಪಡೆದ ನಾನು ಆ ತುಂಡನ್ನು ಹತ್ತು ಸಲವಾದರೂ ಓದಿದ್ದೆ, ಅವಳು ನೋಡಿದ್ದು ಒಂದು ಮೂಲೆಯನ್ನಷ್ಟೇ. ನಮ್ಮಿಬ್ಬರಲ್ಲಿ ಓದು ಬಂದವರು ಯಾರು, ನೀವೇ ಹೇಳಿ?